ಲೋಹಶೋಧಕ ಯಂತ್ರ: ಯಾವ ಮಣ್ಣಿಗೆ, ಯಾವ ವಸ್ತುವಿಗೆ ಯಾವ ಆವರ್ತನ?



ಕಳೆದ ಶೇಂಗಾ ಸುಗ್ಗಿಯಲ್ಲಿ ರಾಯದುರ್ಗದ ಕಡೆಯ ನಮ್ಮ ಸದಸ್ಯರೊಬ್ಬರ ಮನೆಯ ಹೆಣ್ಣುಮಗಳ ತಾಳಿಸರ ಹೊಲದಲ್ಲಿ ಕಳೆದುಹೋಯಿತು. ಗಿಡ ಕಿತ್ತು ಮಣ್ಣು ಕೊಡವುವಾಗ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಎರಡು ದಿನ ಮನೆಮಂದಿಯೆಲ್ಲ ಜರಡಿ ಹಿಡಿದು ಹುಡುಕಿದರು. ಆಮೇಲೆ ನಮಗೆ ಫೋನ್ ಮಾಡಿದರು. ನಾವು ಪರಿಚಯದವರಿಂದ ಒಂದು ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್ ತೆಗೆದುಕೊಂಡು ಹೋದೆವು. ಮೊದಲ ದಿನ ಇಡೀ ಹೊಲ ತಿರುಗಿದರೂ ಸಿಕ್ಕಿದ್ದು ನೇಗಿಲ ಬೋಲ್ಟು, ಲಾಳದ ಮೊಳೆ, ತಂತಿಯ ಚೂರು. ಎರಡನೆಯ ದಿನ ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಸಾಲಿನಲ್ಲಿ, ಹಿಂದಿನ ದಿನ ನಾವೇ ದಾಟಿ ಹೋಗಿದ್ದ ಜಾಗದಲ್ಲಿ, ಮೂರು ಬೆರಳಿನ ಆಳದಲ್ಲಿ ತಾಳಿ ಸಿಕ್ಕಿತು.

ಯಂತ್ರವೂ ಅದೇ, ಹೊಲವೂ ಅದೇ. ಮೊದಲ ದಿನ ನಾವು ಮಾಡಿದ್ದ ತಪ್ಪು ಒಂದೇ: "ಕಡಿಮೆ ಆವರ್ತನ ಇಟ್ಟರೆ ಆಳಕ್ಕೆ ಇಳಿಯುತ್ತದೆ" ಎಂದು ಯಾರೋ ಹೇಳಿದ್ದನ್ನು ನಂಬಿ ಅದಕ್ಕೇ ಇಟ್ಟುಕೊಂಡಿದ್ದೆವು. ಆ ಮಾತು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಆಮೇಲೆ ಓದಿ, ಪರೀಕ್ಷೆ ಮಾಡಿ ತಿಳಿದುಕೊಂಡೆವು. ಕಳೆದ ಒಡವೆ, ಮಣ್ಣು ಮುಚ್ಚಿದ ವಾಲ್ವ್, ಹೂತುಹೋದ ಪೈಪು ಹುಡುಕಲು ಈ ಯಂತ್ರವನ್ನು ಬಾಡಿಗೆಗೋ ಸ್ವಂತಕ್ಕೋ ತರುವ ಸದಸ್ಯರು ಹೆಚ್ಚುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಹಿಂದೆ ಮುಂದೆ ಓಲಾಡುವ ವಿದ್ಯುತ್ತು ಹರಿಯುತ್ತದೆ. ಅದರಿಂದ ನೆಲದೊಳಕ್ಕೆ ಬದಲಾಗುತ್ತಿರುವ ಕಾಂತಕ್ಷೇತ್ರ ಹೋಗುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿಯಂತಹ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಸುಳಿ ತನ್ನದೇ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ಕಳಿಸಿದ್ದಕ್ಕೂ ಬಂದದ್ದಕ್ಕೂ ನಡುವೆ ಇರುವ ವ್ಯತ್ಯಾಸ ನೋಡಿ ಇದು ಕಬ್ಬಿಣವೋ ಬೆಳ್ಳಿಯೋ ಎಂದು ಯಂತ್ರ ಅಂದಾಜು ಮಾಡುತ್ತದೆ.

ಈ ತತ್ತ್ವ ಹೊಸದೇನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹುದೇ ಸಾಧನ ಮಾಡಿಕೊಂಡು ಹೋಗಿದ್ದರು. ಗುಂಡು ಸಿಗಲಿಲ್ಲ, ಆದರೆ ತತ್ತ್ವ ಉಳಿಯಿತು.

ಸುರುಳಿಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಓಲಾಡುತ್ತದೆ ಎಂಬುದೇ ಆವರ್ತನ. ಸೆಕೆಂಡಿಗೆ ಸಾವಿರ ಸಲ ಎಂದರೆ 1 ಕಿಲೋಹರ್ಟ್ಜ್. ನಾವು ಹೊಲದಲ್ಲಿ ಬಳಸುವ ಯಂತ್ರಗಳಲ್ಲಿ ಹೆಚ್ಚಿನವು 3ರಿಂದ 30 ಕಿಲೋಹರ್ಟ್ಜ್ ಒಳಗೆ ಕೆಲಸ ಮಾಡುತ್ತವೆ. ಗ್ಯಾರೆಟ್ ಏಸ್ 250 ಯಂತ್ರದ್ದು 6.5. ಎಕ್ಸ್‌ಪಿ ಡೀಯಸ್‌ನಲ್ಲಿ 4, 8, 12, 18 ಎಂದು ನಾಲ್ಕು ಆಯ್ಕೆಗಳಿದ್ದವು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಲ್ಲಿ 5, 10, 15, 20, 40 ಇವೆ. ಎಲ್ಲ ಒಟ್ಟಿಗೆ ಬಳಸುವ ಸೆಟ್ಟಿಂಗೂ ಇದೆ. ಚಿನ್ನದ ಸಣ್ಣ ಹರಳಿಗೆಂದೇ ಮಾಡಿದ ಫಿಶರ್ ಗೋಲ್ಡ್ ಬಗ್ 2 ಎಂಬುದು 71 ಕಿಲೋಹರ್ಟ್ಜ್‌ವರೆಗೆ ಹೋಗುತ್ತದೆ.

ವಸ್ತುವಿಗೆ ತಕ್ಕ ಆವರ್ತನ

ದೇವಸ್ಥಾನದ ದೊಡ್ಡ ಗಂಟೆಯನ್ನೂ ಮಗುವಿನ ಕಾಲ್ಗೆಜ್ಜೆಯನ್ನೂ ನೆನೆಯಿರಿ. ಗಂಟೆ ಹೊಡೆದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಗೆಜ್ಜೆ ಝಲ್ ಎಂದು ತಕ್ಷಣ ನಿಲ್ಲುತ್ತದೆ. ಲೋಹದೊಳಗಿನ ಸುಳಿಯೂ ಹೀಗೆಯೇ. ದಪ್ಪನೆಯ ಬೆಳ್ಳಿ ರೂಪಾಯಿ, ತಾಮ್ರದ ಬಿಂದಿಗೆ ಮುಂತಾದ ದೊಡ್ಡ, ಚೆನ್ನಾಗಿ ವಿದ್ಯುತ್ ಹರಿಸುವ ವಸ್ತುಗಳಲ್ಲಿ ಸುಳಿ ನಿಧಾನವಾಗಿ ಆರುತ್ತದೆ. ಮೂಗುತಿ, ಓಲೆಯ ತಿರುಪು, ತೆಳು ಉಂಗುರದಲ್ಲಿ ಥಟ್ಟನೆ ಆರುತ್ತದೆ.

ಬೇಗ ಆರುವ ಸುಳಿಯನ್ನು ಬಲವಾಗಿ ಎಬ್ಬಿಸಬೇಕಾದರೆ ವೇಗವಾಗಿ ಓಲಾಡುವ ಕ್ಷೇತ್ರ ಬೇಕು. ಆದ್ದರಿಂದ ಸಣ್ಣ, ತೆಳು ಒಡವೆಗೆ ಹೆಚ್ಚಿನ ಆವರ್ತನವೇ ಸರಿ. ದೊಡ್ಡ ಬೆಳ್ಳಿ, ತಾಮ್ರದ ವಸ್ತು 5 ಕಿಲೋಹರ್ಟ್ಜ್‌ನಲ್ಲೇ ತನ್ನ ಪೂರ್ತಿ ಉತ್ತರವನ್ನು ಹೆಚ್ಚುಕಡಿಮೆ ಕೊಟ್ಟುಬಿಡುತ್ತದೆ. ಅಲ್ಲಿ ಆವರ್ತನ ಏರಿಸಿದರೆ ಆ ವಸ್ತುವಿನ ದನಿ ಏರುವುದಿಲ್ಲ. ಬದಲಿಗೆ ಸಣ್ಣಪುಟ್ಟ ಕಸದ ದನಿ, ನೆಲದ ಉಪ್ಪಿನ ದನಿ ಏರುತ್ತವೆ.

"ಕಡಿಮೆ ಆವರ್ತನ ಆಳಕ್ಕೆ ಇಳಿಯುತ್ತದೆ" ಎಂಬ ಮಾತಿನ ಗುಟ್ಟು ಇಲ್ಲಿದೆ. ಮಣ್ಣು ಹೆಚ್ಚಿನ ಆವರ್ತನವನ್ನು ಹೀರಿಕೊಂಡುಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿದರೆ ಹಾಗಿಲ್ಲ. ಹಸಿ ಮಣ್ಣಿನಲ್ಲೂ 10 ಕಿಲೋಹರ್ಟ್ಜ್ ಕ್ಷೇತ್ರ ಹತ್ತಾರು ಅಡಿ ಹೋಗಿಯೇ ಗಣನೀಯವಾಗಿ ಕುಗ್ಗುವುದು. ನಾವು ಹುಡುಕುವುದು ಒಂದು ಅಡಿಯೊಳಗೆ. ತೊಂದರೆ ಕೊಡುವುದು ಮಣ್ಣು ಹೀರುವುದಲ್ಲ, ಮಣ್ಣೇ ಮಾತನಾಡುವುದು. ಸಂತೆಯ ಗದ್ದಲದಲ್ಲಿ ಪಕ್ಕದವರ ಪಿಸುಮಾತು ಕೇಳದ ಹಾಗೆ ನೆಲದ ದನಿಯಲ್ಲಿ ಒಡವೆಯ ದನಿ ಮುಳುಗುತ್ತದೆ.

ಹೀಗಾಗಿ ಸ್ಥೂಲವಾಗಿ ಈ ಲೆಕ್ಕ ಇಟ್ಟುಕೊಳ್ಳಬಹುದು:

• 4ರಿಂದ 8 ಕಿಲೋಹರ್ಟ್ಜ್: ಬೆಳ್ಳಿ ಲೋಟ, ಬೆಳ್ಳಿ ಉಡಿದಾರ, ತಾಮ್ರ ಹಿತ್ತಾಳೆಯ ಪಾತ್ರೆ, ದೊಡ್ಡ ವಾಲ್ವ್, ಪೈಪು.
• 10ರಿಂದ 15: ಏನು ಕಳೆದಿದೆಯೆಂದು ಖಚಿತವಿಲ್ಲದಾಗ, ಸಾಧಾರಣ ಉಂಗುರ, ಬಳೆ, ಕಾಲುಂಗುರ.
• 18ರಿಂದ 40: ತಾಳಿಬಟ್ಟು, ಗುಂಡು, ಓಲೆ, ಮೂಗುತಿ, ತೆಳು ಸರ.

ಚಿನ್ನದ ಬಗ್ಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕು. ಅಪ್ಪಟ ಚಿನ್ನ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಆದರೆ ಒಡವೆಗೆ ತಾಮ್ರ, ಬೆಳ್ಳಿ ಬೆರೆಸಿದ ಕೂಡಲೇ ಆ ಗುಣ ಬಹಳ ಇಳಿಯುತ್ತದೆ. ಬೆರೆಸಿದ ಲೋಹಗಳು ತಾವು ಒಳ್ಳೆಯ ವಾಹಕಗಳಾದರೂ ಮಿಶ್ರಣ ಅಷ್ಟು ಒಳ್ಳೆಯದಾಗಿರುವುದಿಲ್ಲ. ಹಾಗಾಗಿ ತೆಳು ಚಿನ್ನದ ಉಂಗುರದ ಸೂಚನೆ ಮಾತ್ರೆ ಸುತ್ತಿದ ಅಲ್ಯೂಮಿನಿಯಂ ಹಾಳೆಯ ಸೂಚನೆಯ ಹತ್ತಿರವೇ ಬೀಳುತ್ತದೆ. ಕಸದ ಕಾಟ ತಪ್ಪಿಸಲೆಂದು ಆ ಸಂಖ್ಯೆಗಳನ್ನು ಮುಚ್ಚಿದರೆ ಚಿನ್ನವನ್ನೂ ಮುಚ್ಚಿದಂತಾಗುತ್ತದೆ. ಒಡವೆ ಹುಡುಕುವವರು ಕಬ್ಬಿಣವನ್ನು ಮಾತ್ರ ಮುಚ್ಚಬೇಕು. ಉಳಿದದ್ದನ್ನೆಲ್ಲ ಬಗೆದು ನೋಡಲೇಬೇಕು.

ಎರಡನೆಯದು, ಸರದ ವಿಚಾರ. ಸರ ಎಷ್ಟೇ ಉದ್ದವಿರಲಿ, ಯಂತ್ರದ ಕಣ್ಣಿಗೆ ಅದು ಒಂದು ದೊಡ್ಡ ವಸ್ತುವಲ್ಲ. ಕೊಂಡಿಗಳ ನಡುವಿನ ಸಂಪರ್ಕ ಸಡಿಲವಾದ್ದರಿಂದ ಪ್ರತಿ ಕೊಂಡಿಯೂ ಬೇರೆ ಬೇರೆ ಸಣ್ಣ ಉಂಗುರದಂತೆ ಉತ್ತರ ಕೊಡುತ್ತದೆ. ಮೂವತ್ತು ಗ್ರಾಂ ಸರಕ್ಕಿಂತ ಮೂರು ಗ್ರಾಂ ಉಂಗುರ ಜೋರಾಗಿ ಕೂಗಬಹುದು. ಕರಿಮಣಿ ಗಾಜಿನದು, ಅದು ಕೂಗುವುದೇ ಇಲ್ಲ. ರಾಯದುರ್ಗದ ಹೊಲದಲ್ಲಿ ಕೊನೆಗೆ ದನಿ ಕೊಟ್ಟದ್ದು ಸರವಲ್ಲ, ಎರಡು ತಾಳಿಬಟ್ಟುಗಳು. ಬಟ್ಟು ದುಂಡಗಿನ ಅಖಂಡ ತಗಡು. ಸುಳಿ ತಿರುಗಲು ಅದರಲ್ಲಿ ಜಾಗವಿದೆ.

ಮಣ್ಣಿಗೆ ತಕ್ಕ ಆವರ್ತನ

ನಮ್ಮ ಸದಸ್ಯರಿರುವ ಊರುಗಳ ಮಣ್ಣು ಒಂದೇ ಬಗೆಯದಲ್ಲ. ಹೊಸೂರಿನಲ್ಲಿ ಚೆನ್ನಾಗಿ ನಡೆದ ಸೆಟ್ಟಿಂಗ್ ಕಾಸರಗೋಡಿನಲ್ಲಿ ನಡೆಯಲಿಕ್ಕಿಲ್ಲ. ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣಮಣ್ಣಿನಲ್ಲಿ ನಾಲ್ಕಾರು ಸಲ ಎಳೆಯಿರಿ. ಚೀಲದ ಮೇಲೆ ಕರಿಪುಡಿ ಗಡ್ಡದಂತೆ ಕೂತರೆ ಮಣ್ಣಿನಲ್ಲಿ ಕಾಂತಗುಣದ ಕಬ್ಬಿಣದ ಅಂಶ ಹೆಚ್ಚಿದೆ ಎಂದರ್ಥ. ಏನೂ ಅಂಟದಿದ್ದರೆ ನಿಮ್ಮ ಕೆಲಸ ಸಲೀಸು.

*ಮಸಾರಿ, ಕೆಂಪುಮಣ್ಣು:* ಹೊಸೂರು, ತಾಳವಾಡಿ, ಮಡಕಶಿರಾ ಕಡೆ ಗ್ರಾನೈಟ್ ಬಗೆಯ ಬಂಡೆ ಸವೆದು ಆದ ಮಣ್ಣು ಹೆಚ್ಚು. ಬಣ್ಣ ನೋಡಿ ಹೆದರಬೇಡಿ. ಕೆಂಪು ಬಣ್ಣ ಕೊಡುವ ಹೆಮಟೈಟ್ ಎಂಬ ಖನಿಜದ ಕಾಂತಗುಣ ದುರ್ಬಲ. ಇಲ್ಲಿ 15ರಿಂದ 20 ಕಿಲೋಹರ್ಟ್ಜ್ ಧಾರಾಳವಾಗಿ ಬಳಸಬಹುದು. ಆದರೆ ರಾಯದುರ್ಗದಿಂದ ಬಳ್ಳಾರಿ ಗಡಿಯ ಅದಿರು ಗುಡ್ಡಗಳ ಕಡೆ ಹೋದಂತೆ ಅಯಸ್ಕಾಂತದ ಪರೀಕ್ಷೆ ಮಾಡದೆ ತೀರ್ಮಾನಕ್ಕೆ ಬರಬೇಡಿ.

*ಎರೆಭೂಮಿ:* ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎರೆಮಣ್ಣು ದಖ್ಖನ್ನಿನ ಕರಿಕಲ್ಲು, ಅಂದರೆ ಬಸಾಲ್ಟ್ ಸವೆದು ಆದದ್ದು. ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಬಗೆಯ ಖನಿಜವಿರುತ್ತದೆ. ಅದು ಬಲವಾದ ಕಾಂತಗುಣದ್ದು. ಜೊತೆಗೆ ಎರೆ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಹಸಿಯಿದ್ದಾಗ ವಿದ್ಯುತ್ತನ್ನೂ ಹರಿಸುತ್ತದೆ. ಹೀಗೆ ಎರಡು ಬಗೆಯ ಗದ್ದಲ ಸೇರುತ್ತವೆ. ಇಲ್ಲಿ ಬಹು ಆವರ್ತನದ ಯಂತ್ರ ಒಳ್ಳೆಯದು. ಒಂದೇ ಆವರ್ತನದ್ದಾದರೆ 10ರಿಂದ 15ರ ಒಳಗೆ ಇಟ್ಟು, ಸಂವೇದನೆಯನ್ನು ಇಳಿಸಿ, ಸಣ್ಣ ತಟ್ಟೆ ಬಳಸಿ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಯಲ್ಲಿ ಇನ್ನೊಂದು ತೊಂದರೆ: ಉಂಗುರ ಬಿರುಕಿನೊಳಗೆ ಇಳಿದು ಯಂತ್ರದ ಅಳವಿಗೇ ಸಿಗದಿರಬಹುದು. ಬಿದ್ದ ಸುದ್ದಿ ತಿಳಿದ ಕೂಡಲೇ, ಮಳೆಗೆ ಮೊದಲು, ಉಳುಮೆಗೆ ಮೊದಲು ಹುಡುಕಿ.

*ಮುರಕಲ್ಲಿನ ನೆಲ:* ಕಾಸರಗೋಡಿನವರು ಮುರಕಲ್ಲು, ಕೆಂಪುಕಲ್ಲು ಎನ್ನುವ ಜಂಬಿಟ್ಟಿಗೆ ಈ ಯಂತ್ರಕ್ಕೆ ಎಲ್ಲಕ್ಕಿಂತ ಕಷ್ಟದ್ದು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದ ಕಲ್ಲನ್ನು ನೋಡಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಮಾತಿನಿಂದ ಬಂದ ಹೆಸರದು. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ. ಇದರಲ್ಲಿ ಕಬ್ಬಿಣದ ಆಕ್ಸೈಡುಗಳು ತುಂಬಿರುತ್ತವೆ. ಕೆಲವೆಡೆ ಮ್ಯಾಗ್ಹಮೈಟ್ ಎಂಬ ಖನಿಜವಿದ್ದು, ಅದರ ಕಾಂತಗುಣ ಕ್ಷೇತ್ರ ನಿಂತ ಮೇಲೂ ಸ್ವಲ್ಪ ಹೊತ್ತು ಉಳಿದು ಲೋಹದಂತೆಯೇ ನಟಿಸುತ್ತದೆ. ಚದುರಿದ ಕಲ್ಲಿನ ಹರಳುಗಳು ಒಂದೊಂದೂ ಕೂಗುತ್ತವೆ. ಕಾಸರಗೋಡಿನ ಅಡಿಕೆ ತೋಟದಲ್ಲಾಗಲಿ, ನೀಲಗಿರಿ ವಯನಾಡಿನ ಇಂತಹ ನೆಲದಲ್ಲಾಗಲಿ, ಜಹೀರಾಬಾದ್ ಕಡೆಯ ಕೆಂಪುಕಲ್ಲಿನ ದಿಣ್ಣೆಯಲ್ಲಾಗಲಿ ಬಹು ಆವರ್ತನದ ಯಂತ್ರ, ಸಣ್ಣ ತಟ್ಟೆ, ಕಡಿಮೆ ಸಂವೇದನೆ, ನಿಧಾನ ನಡಿಗೆ ಇವೇ ದಾರಿ. ಹತ್ತು ಹೆಜ್ಜೆಗೊಮ್ಮೆ ನೆಲದ ಹೊಂದಾಣಿಕೆಯನ್ನು ಮತ್ತೆ ಮಾಡಿಕೊಳ್ಳಬೇಕಾಗಬಹುದು.

*ಸವಳು ಭೂಮಿ ಮತ್ತು ಕಡಲತೀರ:* ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ. ಆವರ್ತನ ಏರಿದಷ್ಟೂ ಉಪ್ಪಿನ ದನಿ ಏರುತ್ತದೆ. ತೆಳು ಚಿನ್ನದ ಸೂಚನೆಯನ್ನೇ ಹೋಲುತ್ತದೆ. ಗೋವಾದ ತೀರದಲ್ಲಿ ಒಣ ಮರಳಿನ ಮೇಲೆ ಯಾವ ಆವರ್ತನವಾದರೂ ನಡೆದೀತು. ಅಲೆ ಬಂದು ಹೋಗುವ ಹಸಿ ಮರಳಿನಲ್ಲಿ ಒಂದೇ ಆವರ್ತನದ ಯಂತ್ರ ಸುಮ್ಮನೆ ಕಿರುಚುತ್ತದೆ. ಅಲ್ಲಿ ಬಹು ಆವರ್ತನದ ಯಂತ್ರ ಬೇಕು. ಎರಡು ಬೇರೆ ಆವರ್ತನಗಳಲ್ಲಿ ಬಂದ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಅದು ಕಳೆದುಬಿಡುತ್ತದೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯ ಯಂತ್ರವೂ ಇದೆ. ಅದು ಕ್ಷೇತ್ರವನ್ನು ಥಟ್ಟನೆ ನಿಲ್ಲಿಸಿ, ಸ್ವಲ್ಪ ತಡೆದು, ಉಳಿದ ಸುಳಿಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಕೆಟ್ಟ ನೆಲದಲ್ಲಿ ಆಳ ಹೋಗುತ್ತದೆ. ಆದರೆ ಕಬ್ಬಿಣವನ್ನು ಚೆನ್ನಾಗಿ ಬೇರ್ಪಡಿಸಲಾರದು, ಬೇಗ ಆರುವ ತೆಳು ಓಲೆಯನ್ನು ಬಿಟ್ಟುಬಿಡಬಹುದು.

ಹೊಲಕ್ಕಿಳಿದ ಮೇಲೆ

1. ಕಳೆದ ವಸ್ತುವನ್ನೇ ಹೋಲುವ ಇನ್ನೊಂದನ್ನು ಮನೆಯಿಂದ ತನ್ನಿ. ಅದಕ್ಕೆ ದಾರ ಕಟ್ಟಿ, ದಾರದ ತುದಿ ಹೊರಗಿರುವಂತೆ ಅದೇ ಹೊಲದ ಮಣ್ಣಿನಲ್ಲಿ ಎರಡು ಇಂಚು, ನಾಲ್ಕು ಇಂಚು ಆಳದಲ್ಲಿ ಹೂತು ಒಂದೊಂದೇ ಆವರ್ತನದಲ್ಲಿ ಕೇಳಿ. ಯಾವುದರಲ್ಲಿ ದನಿ ಸ್ಪಷ್ಟವೋ ಅದೇ ನಿಮ್ಮ ಆವರ್ತನ. ಈ ಹತ್ತು ನಿಮಿಷ ಒಂದು ದಿನದ ಅಲೆದಾಟ ಉಳಿಸುತ್ತದೆ.

2. ಪರೀಕ್ಷೆಗೆ ಈಗಿನ ರೂಪಾಯಿ ನಾಣ್ಯ ಬಳಸಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಯಂತ್ರ ಅವನ್ನು ಕಬ್ಬಿಣದ ಸಾಲಿಗೆ ಸೇರಿಸಬಹುದು.

3. ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ನೆಲಕ್ಕೆ ಹೊಂದಿಸಿಕೊಳ್ಳಿ. ಇದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಇದನ್ನು ಮಾಡದೆ ಆವರ್ತನ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

4. ಪಂಪ್‌ಸೆಟ್ಟು, ಕರೆಂಟಿನ ತಂತಿ, ಜಟಕಾ ಬೇಲಿ ಹತ್ತಿರವಿದ್ದರೆ ಯಂತ್ರ ಸುಮ್ಮನೆ ಗುಣುಗುಡುತ್ತದೆ. ಮೋಟಾರು, ಬೇಲಿ ಬಂದ್ ಮಾಡಿ. ಆಗದಿದ್ದರೆ ಆವರ್ತನವನ್ನು ಸ್ವಲ್ಪ ಸರಿಸಿ ನೋಡಿ. ಜೇಬಿನ ಮೊಬೈಲನ್ನು ಬದುವಿನ ಮೇಲೆ ಇಟ್ಟು ಬನ್ನಿ. ಮುಂದೆ ಉಕ್ಕು ಇರುವ ಬೂಟು ಬೇಡ, ಕೈಯಲ್ಲಿ ಬಳೆ, ಕಡಗ ಬೇಡ.

5. ಹೊಲವನ್ನು ದಾರ ಕಟ್ಟಿ ಪಟ್ಟಿಗಳಾಗಿ ಮಾಡಿ. ತಟ್ಟೆ ನೆಲಕ್ಕೆ ತಾಗುವಷ್ಟು ಹತ್ತಿರವಿರಲಿ, ಹಿಂದಿನ ಬೀಸಿನ ಅರ್ಧವನ್ನು ಮುಂದಿನ ಬೀಸು ಮುಚ್ಚಲಿ. ತಟ್ಟೆಯಿಂದ ದೂರವಿರುವ ಸಣ್ಣ ವಸ್ತುವಿನ ದೂರ ಎರಡರಷ್ಟಾದರೆ ದನಿ ಸುಮಾರು ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವಾಗ ಎಂಟರಲ್ಲಿ ಒಂದು, ಬರುವಾಗ ಎಂಟರಲ್ಲಿ ಒಂದು. ಒಂದು ಇಂಚು ಎತ್ತಿ ಬೀಸಿದರೂ ನಷ್ಟವೇ.

6. ಎರಡು ಕಡೆಯಿಂದ ಬೀಸಿದಾಗಲೂ ಒಂದೇ ದನಿ ಬಂದರೆ ಬಗೆಯಿರಿ. ಒಂದು ಕಡೆಯಿಂದ ಮಾತ್ರ ಬಂದು ಹೋಗುವ ದನಿ ಹೆಚ್ಚಾಗಿ ಮೊಳೆ ಅಥವಾ ಕಲ್ಲು.

ನಿಧಿಯ ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಮುಗಿಸಲಾಗದು. ಮೇಲಿನ ಅರವತ್ತನಾಲ್ಕರ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಸಾಮಾನ್ಯ ಯಂತ್ರಕ್ಕೆ ನಾಣ್ಯದ ಗಾತ್ರದ ವಸ್ತು ಒಂದು ಗೇಣಿನ ಆಚೆ ಕಾಣುವುದೇ ಕಷ್ಟ. ಮೂರು ಆಳು ಆಳದ ಹಂಡೆ ತೋರಿಸುತ್ತದೆ, ನೂರು ಅಡಿ ದೂರದಿಂದಲೇ ಚಿನ್ನ ಗುರುತಿಸುತ್ತದೆ ಎಂದು ಯಂತ್ರ ಮಾರಲು ಬರುವವರನ್ನು ನಂಬಬೇಡಿ. "ರೈಸ್ ಪುಲ್ಲರ್" ಹೆಸರಿನಲ್ಲಿ ಹಣ ಕಳೆದುಕೊಂಡವರ ಸುದ್ದಿ ನಾವೆಲ್ಲ ಓದಿದ್ದೇವೆ. ಇದೂ ಅದೇ ಜಾತಿಯದು.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಪಾಳುಗುಡಿಯ ಗರ್ಭಗುಡಿ ಅಗೆಯುವುದು, ವೀರಗಲ್ಲಿನ ಬುಡ ಕೀಳುವುದು, ಶಾಸನದ ಕಲ್ಲು ಒಡೆಯುವುದು ನಿಧಿಯ ಆಸೆಯಿಂದಲೇ. ಗಡಿಯಾಚೆ ಇರುವ ನಮಗೆ ಈ ಕಲ್ಲುಗಳ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ನೊಳಂಬರ ರಾಜಧಾನಿ. ಅದನ್ನು ಇಂದು ನಮಗೆ ಹೇಳುತ್ತಿರುವುದು ಅಲ್ಲಿನ ಗುಡಿಗಳು ಮತ್ತು ಕನ್ನಡ ಶಾಸನಗಳು. ಕನ್ನಡ ಇಲ್ಲಿ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದಕ್ಕೆ ನಮ್ಮ ಕೈಯಲ್ಲಿರುವ ಪತ್ರವೇ ಆ ಕಲ್ಲುಗಳು. ಅದನ್ನು ನಾವೇ ಹರಿದು ಹಾಕಬಾರದು.

ಕಾನೂನೂ ಸ್ಪಷ್ಟವಾಗಿದೆ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕಕ್ಕೆ 1962ರ, ಕೇರಳಕ್ಕೆ 1968ರ ಪ್ರತ್ಯೇಕ ಕಾಯ್ದೆಗಳಿವೆ. ಸಿಕ್ಕಿದ್ದನ್ನು ಮುಚ್ಚಿಡುವುದು ಅಪರಾಧ. 1958ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವಂತಿಲ್ಲ. 1972ರ ಕಾಯ್ದೆಯಂತೆ ನೂರು ವರ್ಷ ಮೀರಿದ ನಾಣ್ಯ, ವಿಗ್ರಹಗಳು ಪುರಾತನ ವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನಿಮ್ಮ ಉಂಗುರ ಹುಡುಕುವಾಗ ಹಳೆಯ ನಾಣ್ಯವೋ ತಾಮ್ರದ ಹಲಗೆಯೋ ಸಿಕ್ಕರೆ ಅಲ್ಲೇ ಕೈ ನಿಲ್ಲಿಸಿ, ಉಜ್ಜಬೇಡಿ, ತೊಳೆಯಬೇಡಿ, ಜಾಗದ ಫೋಟೋ ತೆಗೆದು ತಿಳಿಸಿ. ವಸ್ತು ಎಷ್ಟು ಮುಖ್ಯವೋ ಅದು ಸಿಕ್ಕ ಜಾಗವೂ ಅಷ್ಟೇ ಮುಖ್ಯ.

1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಆ ಶಾಸನದಲ್ಲಿರುವ ಹೆಸರಿನಿಂದ ಖಚಿತವಾಯಿತು. ಚಿನ್ನದ ಕೆಲಸಕ್ಕೆ ಬಂದವರು ಆ ಕಲ್ಲನ್ನು ಒಡೆಯದೆ ಸುದ್ದಿ ಮುಟ್ಟಿಸಿದ್ದರಿಂದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸದಸ್ಯರು ತಮ್ಮ ಊರಿನ ಮಣ್ಣಿನಲ್ಲಿ ಯಾವ ಆವರ್ತನ ಚೆನ್ನಾಗಿ ನಡೆಯಿತು ಎಂಬುದನ್ನು ಬರೆದು ಕಳಿಸಿದರೆ ಊರುವಾರು ಪಟ್ಟಿ ಮಾಡಿ ಈ ಪುಟದಲ್ಲೇ ಹಾಕುತ್ತೇವೆ. ಮಣ್ಣಿನ ಬಗೆ, ಹಸಿಯೋ ಒಣವೋ, ವಸ್ತು ಯಾವುದು, ಎಷ್ಟು ಆಳ, ಯಾವ ಆವರ್ತನ ಈ ಐದು ವಿವರ ಇದ್ದರೆ ಸಾಕು. ಮುಂದೆ ಇನ್ನೊಬ್ಬರ ಮನೆಯ ತಾಳಿ ಕಳೆದಾಗ ಅವರು ಮೊದಲ ದಿನವನ್ನು ನಮ್ಮಂತೆ ಕಳೆದುಕೊಳ್ಳುವುದು ಬೇಡ.